ಸ್ಟೆಂಟ್ ಹಾಕಿದ ಮೇಲೂ ಸುಸ್ತು ಬಿಟ್ಟಿಲ್ಲ, ನಿಮಗೆಲ್ಲ ಹೇಗಿತ್ತು?

ಗುಬ್ಬಿ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ವಯಸ್ಸು 54. ಗುಬ್ಬಿ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ಗಣಿತ ಪಾಠ ಮಾಡುತ್ತೇನೆ. ಮೂರು ತಿಂಗಳ ಹಿಂದೆ ಹಾರ್ಟ್ ಅಟ್ಯಾಕ್ ಆಯ್ತು. ಬೆಂಗಳೂರಿನಲ್ಲಿ ಎಲ್‌ಎಡಿ ಅನ್ನುವ ಹೃದಯದ ರಕ್ತನಾಳಕ್ಕೆ ಒಂದು ಸ್ಟೆಂಟ್, ಅಂದರೆ ನಾಳ ತೆರೆದಿಡುವ ಸಣ್ಣ ಜಾಲರಿ ಕೊಳವೆ ಹಾಕಿದರು, ಮಣಿಕಟ್ಟಿನ ಮೂಲಕವೇ. ಬೇಗ ಮನೆಗೂ ಕಳಿಸಿದರು. ಬರುವಾಗ ಉದ್ದದ ಮಾತ್ರೆ ಚೀಟಿ ಕೊಟ್ಟು "ಇನ್ನೇನೂ ತೊಂದರೆ ಇಲ್ಲ, ಆರಾಮಾಗಿರಿ" ಅಂದರು. ಯಾವ ಮಾತ್ರೆ ಯಾಕೆ, ಸುಸ್ತು ಎಷ್ಟು ದಿನ ಇರುತ್ತೆ ಅಂತ ಯಾರೂ ಕೂತು ಹೇಳಲಿಲ್ಲ.

ಈಗಿನ ಕಷ್ಟ ಹೀಗಿದೆ. ಬೆಳಗ್ಗೆ ಚೆನ್ನಾಗಿರುತ್ತೇನೆ. ಮಧ್ಯಾಹ್ನ ಮೂರು ಗಂಟೆಗೆ ಯಾರೋ ಮೈಯಿಂದ ಶಕ್ತಿ ಹೀರಿಕೊಂಡ ಹಾಗಾಗುತ್ತೆ. ಬೋರ್ಡಿನ ಮೇಲೆ ಅರ್ಧ ಲೆಕ್ಕ ಬರೆಯುವಷ್ಟರಲ್ಲಿ ಕೈ ಕೆಳಗಿಳಿಸಬೇಕು ಅನಿಸುತ್ತೆ. ಇನ್ನೊಂದು, ಸುಮ್ನೆ ಕೂತಿರುವಾಗ ಇದ್ದಕ್ಕಿದ್ದ ಹಾಗೆ ಉಸಿರು ಸಾಲದು ಅನಿಸಿ ಜೋರಾಗಿ ಒಂದು ಉಸಿರು ಎಳೆದುಕೊಳ್ಳಬೇಕಾಗುತ್ತೆ. ವಿಚಿತ್ರ ಏನಂದರೆ ನಡೆಯುವಾಗ ಹಾಗಾಗಲ್ಲ. ಎದೆಯ ಎಡಗಡೆ ಬೆರಳಿನಲ್ಲಿ ತೋರಿಸುವಷ್ಟು ಜಾಗದಲ್ಲಿ ಚುಚ್ಚಿದ ಹಾಗೆ ನೋವು ಬಂದು ಹೋಗುತ್ತೆ. ಅಟ್ಯಾಕ್ ಆದಾಗ ಇದ್ದ ಹಿಂಡುವ ನೋವಲ್ಲ, ಅದಂತೂ ಮತ್ತೆ ಬಂದೇ ಇಲ್ಲ.

ಮಾತ್ರೆಗಳು: ಎಕೋಸ್ಪ್ರಿನ್ 75, ಟಿಕಾಗ್ರೆಲೋರ್ 90 ಎರಡು ಹೊತ್ತು, ಅಟೋರ್ವಾಸ್ಟಾಟಿನ್ 40, ಮೆಟೊಪ್ರೊಲಾಲ್ 50, ರಾಮಿಪ್ರಿಲ್ 2.5. ಜೊತೆಗೆ ಗ್ಯಾಸ್ ಮಾತ್ರೆ. ಎಕೋ ಅನ್ನುವ ಹೃದಯದ ಸ್ಕ್ಯಾನಿನಲ್ಲಿ ಪಂಪಿಂಗ್ 45 ಅಂತ ಬಂದಿದೆ.

ಸ್ಟಾಫ್ ರೂಮಿನಲ್ಲಿ ಎಲ್ಲರದೂ ಒಂದೇ ಮಾತು: "ಸ್ಟೆಂಟ್ ಹಾಕಿದ ಮೇಲೆ ಮೊದಲಿಗಿಂತ ಗಟ್ಟಿಯಾಗಿರಬೇಕಲ್ವಾ ಸಾರ್?" ನನಗೂ ಅದೇ ಅನುಮಾನ. ಹಾಕಿದ್ದು ಸರಿಯಾಗಿ ಕೂತಿಲ್ವಾ?

ತಟ್ಟೆಇಡ್ಲಿ, ಕ್ಯಾತ್ಸಂದ್ರ

ಮೇಷ್ಟ್ರೇ, ನನ್ನದು ಪೂರ್ತಿ ಉಲ್ಟಾ. ಎರಡು ವರ್ಷದ ಹಿಂದೆ ಸ್ಟೆಂಟ್ ಆಯ್ತು. ಅದಕ್ಕೆ ಮುಂಚೆ ಮನೆಯಿಂದ ಬಸ್ ಸ್ಟಾಪಿಗೆ ಹೋಗುವಷ್ಟರಲ್ಲಿ ಎದೆ ಬಿಗಿದುಕೊಂಡು ನಿಂತುಬಿಡುತ್ತಿದ್ದೆ. ಹಾಕಿಸಿಕೊಂಡು ವಾರ ಕಳೆಯುವುದರಲ್ಲಿ ಅದೇ ದಾರಿ ಸಲೀಸು. ಮನೆಯವರಿಗೇ ಆಶ್ಚರ್ಯ. ನಿಮಗೆ ಯಾಕೆ ಹೀಗೋ ಗೊತ್ತಿಲ್ಲ. ಒಂದು ಸಲ ಹೋಗಿ ತೋರಿಸಿಬಿಡಿ.

ಗುಬ್ಬಿ ಮೇಷ್ಟ್ರು

ಇದನ್ನು ಓದಿದ ಮೇಲಂತೂ ಇನ್ನೂ ಗಾಬರಿ ಆಯ್ತು ಮಾರಾಯ್ರೇ.

ವಾರ್ಡ್ ಸಿಸ್ಟರ್, ತುಮಕೂರು

ಗಾಬರಿ ಬೇಡ ಸಾರ್. ನಾನು ಹೃದಯದ ವಾರ್ಡಿನಲ್ಲಿ ಕೆಲಸ ಮಾಡಿದವಳು. ಇಡ್ಲಿ ಅಣ್ಣನದೂ ನಿಮ್ಮದೂ ಬೇರೆ ಬೇರೆ ಕಾಯಿಲೆ ಅಂತಲೇ ಇಟ್ಟುಕೊಳ್ಳಿ. ಅವರಿಗೆ ಅಟ್ಯಾಕ್ ಆಗಿರಲಿಲ್ಲ ಅನಿಸುತ್ತೆ. ರಕ್ತನಾಳ ಕಿರಿದಾಗಿತ್ತು, ಹೃದಯದ ಮಾಂಸ ಚೆನ್ನಾಗಿತ್ತು. ದಾರಿ ತೆರೆದ ಕೂಡಲೇ ನೋವು ಹೋಯ್ತು. ನಿಮಗೆ ರಕ್ತನಾಳ ಕಟ್ಟಿಕೊಂಡು, ಅದರ ಆಚೆ ಇದ್ದ ಮಾಂಸಕ್ಕೆ ಸ್ವಲ್ಪ ಹೊತ್ತು ರಕ್ತವೇ ಸಿಗಲಿಲ್ಲ. ಸ್ಟೆಂಟ್ ದಾರಿ ಬಿಡಿಸಿತು, ಸರಿ. ಆದರೆ ಡ್ರಿಪ್ ಪೈಪಿನ ಕಸ ತೆಗೆದ ದಿನವೇ ಬಾಡಿದ ಅಡಿಕೆ ಗಿಡ ಚಿಗುರಲ್ಲ ಅಲ್ವಾ? ಸತ್ತ ಭಾಗ ಗಾಯ ಮಾಗಿ ಗಟ್ಟಿಯಾಗಲು ಆರರಿಂದ ಎಂಟು ವಾರ ಬೇಕು. ಸತ್ತಿಲ್ಲ, ಆದರೆ ಮಂಕಾಗಿದೆ ಅನ್ನುವ ಭಾಗ ಮತ್ತೆ ಬಡಿಯಲು ಕೆಲವರಿಗೆ ತಿಂಗಳುಗಳೇ ಹಿಡಿಯುತ್ತೆ. ಅದಕ್ಕೇ ಎಕೋ ಮತ್ತೆ ಮಾಡುವುದು. ಪಂಪಿಂಗ್ ಅಂದರೆ ಒಂದು ಬಡಿತಕ್ಕೆ ಹೃದಯ ತನ್ನಲ್ಲಿರುವ ರಕ್ತದಲ್ಲಿ ನೂರಕ್ಕೆ ಎಷ್ಟು ಪಾಲು ಹೊರಗೆ ತಳ್ಳುತ್ತೆ ಅನ್ನುವ ಲೆಕ್ಕ. ನಾರ್ಮಲ್ ಅಂದರೆ 55ರ ಮೇಲೆ, ಯಾರಿಗೂ ನೂರು ಇರಲ್ಲ. 45 ಅಂದರೆ ಸ್ವಲ್ಪ ಕಮ್ಮಿ, ಅಷ್ಟೇ.

ಚುಚ್ಚುವ ನೋವಿನ ಬಗ್ಗೆ: ಬಲೂನ್ ಉಬ್ಬಿಸಿ ಸ್ಟೆಂಟ್ ಕೂರಿಸುವಾಗ ರಕ್ತನಾಳದ ಗೋಡೆ ಹಿಗ್ಗಿರುತ್ತೆ. ಅದರಿಂದ ಮೊದಲ ದಿನಗಳಲ್ಲಿ, ಕೆಲವರಿಗೆ ವಾರಗಳವರೆಗೂ ಎದೆಯಲ್ಲಿ ಹಿಡಿದುಕೊಂಡ ಹಾಗಿರುತ್ತೆ. ಮೂರು ತಿಂಗಳಾದ ಮೇಲೆ, ಬೆರಳಲ್ಲಿ ತೋರಿಸುವಷ್ಟು ಜಾಗದಲ್ಲಿ, ಒತ್ತಿದರೆ ಜಾಸ್ತಿಯಾಗುವ ನೋವು ಹೆಚ್ಚಾಗಿ ಪಕ್ಕೆಲುಬಿನದೋ ಮಾಂಸದ್ದೋ ಇರುತ್ತೆ. ಆದರೂ ಫೋನಿನಲ್ಲಿ ನೋಡಿ ಹೇಳುವ ವಿಷಯ ಅಲ್ಲ ಅದು, ಡಾಕ್ಟರಿಗೆ ಹೇಳಲೇಬೇಕು.

ಕೂತಾಗ ಬರುವ ಉಸಿರಿನ ತೊಂದರೆ ಇದೆಯಲ್ಲ, ಅದನ್ನು ಓದಿದ ಕೂಡಲೇ ನನಗೆ ರಕ್ತ ತೆಳು ಮಾಡುವ ಟಿಕಾಗ್ರೆಲೋರ್ ನೆನಪಾಯಿತು. ಎಷ್ಟೋ ಜನ ಇದೇ ಮಾತು ಹೇಳುತ್ತಾರೆ: "ಸಿಸ್ಟರ್, ಕೂತಿದ್ದಾಗ ಉಸಿರು ಸಿಗಲ್ಲ, ನಡೆದರೆ ಏನೂ ಇಲ್ಲ." ಡಾಕ್ಟರಿಗೆ ಇದೇ ಮಾತಿನಲ್ಲಿ ಹೇಳಿ. ಮಾತ್ರೆ ಮಾತ್ರ ನೀವಾಗಿ ನಿಲ್ಲಿಸಬೇಡಿ, ಒಂದು ಹೊತ್ತು ಕೂಡ.

ತೋಟದಮನೆ, ಚಿಕ್ಕನಾಯಕನಹಳ್ಳಿ

ನಮ್ಮ ಯಜಮಾನರಿಗೂ ಹೋದ ವರ್ಷ ಅಟ್ಯಾಕ್ ಆಗಿ ಸ್ಟೆಂಟ್ ಬಿತ್ತು. ಮೇಷ್ಟ್ರು ಬರೆದಿರುವುದು ಓದಿದರೆ ನಮ್ಮನೆ ಕಥೆ ಓದಿದ ಹಾಗೇ ಇದೆ.

ಮೊದಲ ವಾರ ತುಂಬಾ ಹುರುಪು. "ನನಗೇನೂ ಆಗೇ ಇಲ್ಲ" ಅಂತ ನಗಾಡುತ್ತಿದ್ದರು. ಮನೆ ತುಂಬ ನೆಂಟರು, ಎಳನೀರು, ಹಣ್ಣು. ನೆಂಟರೆಲ್ಲ ಹೊರಟ ಮೇಲೆ ಸುಸ್ತು ಶುರು. ತೋಟದ ಬದುವಿನ ಮೇಲೆ ಹತ್ತು ಹೆಜ್ಜೆ ಹಾಕಿ ತೆಂಗಿನ ಬುಡಕ್ಕೆ ಕೂತುಬಿಡುತ್ತಿದ್ದರು. ಆಳುಗಳ ಮುಂದೆ ಕೂರೋಕೆ ನಾಚಿಕೆ ಅಂತ ಕೈಯಲ್ಲಿ ಒಂದು ಮಚ್ಚು ಹಿಡಿದು ಏನೋ ಸವರುವವರ ಹಾಗೆ ಕೂರೋರು. ನಾನು ದೂರದಿಂದ ನೋಡಿ ತಿಳಿದುಕೊಳ್ಳುತ್ತಿದ್ದೆ, ಇವತ್ತು ಮಚ್ಚು ಹಿಡಿದಿದ್ದಾರೆ ಅಂದರೆ ಸುಸ್ತು ಜಾಸ್ತಿ ಅಂತ.

ನಮಗೆ ಉಪಯೋಗಕ್ಕೆ ಬಂದಿದ್ದು ಅಡುಗೆಮನೆ ಗೋಡೆಯ ಕ್ಯಾಲೆಂಡರ್. ದಿನದ ಚೌಕದಲ್ಲಿ ಎಷ್ಟು ನಿಮಿಷ ನಡೆದರು, ಸುಸ್ತು ಯಾವ ಹೊತ್ತಿಗೆ, ಬಿಪಿ ಎಷ್ಟು, ಇಷ್ಟೇ ಪೆನ್ಸಿಲಲ್ಲಿ ಬರೆಯುತ್ತಿದ್ದೆ. ಮುಂದಿನ ಸಲ ಚೆಕಪ್‌ಗೆ ಹೋದಾಗ ಆ ಹಾಳೆಗಳನ್ನೇ ಹರಿದುಕೊಂಡು ಹೋದೆ. ಡಾಕ್ಟರ್ ನೋಡಿ, ಬೆಳಗಿನ ಮಾತ್ರೆ ತಗೊಂಡು ಎರಡು ಗಂಟೆ ಆದ ಮೇಲೆ ಬಿಪಿ 95ಕ್ಕೆ ಇಳಿಯುತ್ತಿದೆ ಅಂತ ಕಂಡುಹಿಡಿದರು. ಮೂರು ಮಾತ್ರೆ ಒಟ್ಟಿಗೇ ಬೆಳಗ್ಗೆ ಕೊಡುತ್ತಿದ್ದೆ. ಒಂದನ್ನು ರಾತ್ರಿಗೆ ಹಾಕಿ, ಒಂದರ ಡೋಸ್ ಕಮ್ಮಿ ಮಾಡಿದರು. ಅದಾದ ಮೇಲೆ ಮಚ್ಚು ಹಿಡಿಯುವುದು ಕಮ್ಮಿಯಾಯಿತು.

ಸುಮ್ನೆ "ಸುಸ್ತು ಸಾರ್" ಅಂದಿದ್ದರೆ ಟಾನಿಕ್ ಬರೆದುಕೊಟ್ಟು ಕಳಿಸುತ್ತಿದ್ದರೋ ಏನೋ.

ಔಷಧಿ ಅಂಗಡಿಯವ, ಶಿರಾ

ತೋಟದಮನೆ ಅಕ್ಕ ಹೇಳಿದ್ದು ನೂರಕ್ಕೆ ನೂರು ಸರಿ. ಅಂಗಡಿ ಕೌಂಟರಿನಲ್ಲಿ ನಿಂತು ನೋಡಿದ್ದನ್ನು ಬರೆಯುತ್ತೇನೆ.

ಮೆಟೊಪ್ರೊಲಾಲ್, ಬಿಸೊಪ್ರೊಲಾಲ್ ಹೃದಯದ ಬಡಿತ ನಿಧಾನ ಮಾಡುತ್ತವೆ. ಹೃದಯಕ್ಕೆ ಅದು ಒಳ್ಳೆಯದೇ, ಆದರೆ ಮೈ ಭಾರ, ಕೈಕಾಲು ತಣ್ಣಗೆ, ಹತ್ತುವಾಗ ವೇಗ ಸಿಗಲ್ಲ. ಇದನ್ನು ತಟ್ಟನೆ ನಿಲ್ಲಿಸುವುದು ಅಪಾಯ, ಬಡಿತ ಒಮ್ಮೆಲೇ ಏರಿಬಿಡುತ್ತೆ. ರಾಮಿಪ್ರಿಲ್‌ನಿಂದ ಕೆಲವರಿಗೆ ಒಣ ಕೆಮ್ಮು. ಅದಕ್ಕೆ ಕಾಫ್ ಸಿರಪ್ ಕೇಳಿಕೊಂಡು ಬರುತ್ತಾರೆ, ಸಿರಪ್‌ನಿಂದ ಹೋಗುವ ಕೆಮ್ಮಲ್ಲ ಅದು. ಕೊಲೆಸ್ಟ್ರಾಲ್ ಇಳಿಸುವ ಸ್ಟಾಟಿನ್ ತಗೊಳ್ಳುವವರಲ್ಲಿ ಕೆಲವರಿಗೆ ಎರಡೂ ತೊಡೆ, ಭುಜ ನೋವು. ಡಾಕ್ಟರ್ ಸಿಪಿಕೆ ಅನ್ನುವ ರಕ್ತ ಪರೀಕ್ಷೆ ಮಾಡಿಸಿ ಡೋಸ್ ಬದಲಿಸುತ್ತಾರೆ. ಎದೆನೋವಿಗೆ ನಾಲಿಗೆ ಕೆಳಗೆ ಇಡುವ ಸಾರ್ಬಿಟ್ರೇಟ್‌ನಿಂದ ತಲೆನೋವು ಬರುತ್ತೆ, ಕೆಲವರಿಗೆ ತಲೆ ಸುತ್ತುತ್ತೆ. ಅದನ್ನು ಕೂತುಕೊಂಡೇ ಇಟ್ಟುಕೊಳ್ಳಬೇಕು, ನಿಂತುಕೊಂಡಲ್ಲ.

ಇನ್ನೊಂದು, ಯಾರೂ ಹೇಳದ ವಿಷಯ. ಎಕೋಸ್ಪ್ರಿನ್ ಜೊತೆ ಇನ್ನೊಂದು ರಕ್ತ ತೆಳು ಮಾಡುವ ಮಾತ್ರೆ ನಡೆಯುತ್ತಿರುವಾಗ ಹೊಟ್ಟೆಯೊಳಗೆ ಸಣ್ಣಗೆ ರಕ್ತ ಸೋರಬಹುದು. ಕಣ್ಣಿಗೆ ಕಾಣಲ್ಲ. ಹಿಮೋಗ್ಲೋಬಿನ್ ಇಳಿಯುತ್ತಾ ಸುಸ್ತು ಏರುತ್ತೆ. ಮಲ ಡಾಂಬರಿನ ಬಣ್ಣ ಆಯ್ತು ಅಂದರೆ ಅವತ್ತೇ ಆಸ್ಪತ್ರೆಗೆ ಹೋಗಬೇಕು. ಇಂಥವರು ಮಂಡಿನೋವಿಗೆ ಅಂತ ಡೈಕ್ಲೋಫೆನಾಕ್, ಐಬುಪ್ರೊಫೆನ್ ಕೇಳಿದರೆ ನಾನು ಕೊಡುವುದಿಲ್ಲ. ಬೈದು ಪಕ್ಕದ ಅಂಗಡಿಗೆ ಹೋಗುತ್ತಾರೆ, ಹೋಗಲಿ.

ಗ್ಯಾಸ್ ಮಾತ್ರೆಯಲ್ಲೂ ವ್ಯತ್ಯಾಸ ಇದೆ. ಕ್ಲೊಪಿಡೋಗ್ರೆಲ್ ಅನ್ನುವ ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುವವರಿಗೆ ಒಮೆಪ್ರಜೋಲ್ ಅಷ್ಟು ಹೊಂದಲ್ಲ, ಅದರ ಕೆಲಸವನ್ನೇ ತಗ್ಗಿಸುತ್ತೆ. ಪ್ಯಾಂಟೊಪ್ರಜೋಲ್ ಬರೆಯುವುದು ಅದಕ್ಕೇ. ಅದೂ ಗ್ಯಾಸ್, ಇದೂ ಗ್ಯಾಸ್ ಅಂತ ಬದಲಾಯಿಸಬೇಡಿ.

ಕುಣಿಗಲ್ ಕುದುರೆ

ಇಷ್ಟೆಲ್ಲ ಓದಿ ನನಗೆ ಅನಿಸಿದ್ದು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಸ್ಟೆಂಟ್ ಅನ್ನೋದೇ ದೊಡ್ಡ ವ್ಯಾಪಾರ. ಲಂಡನ್ನಿನಲ್ಲಿ ಸುಳ್ಳು ಆಪರೇಷನ್ ಮಾಡಿ ನೋಡಿದ್ದಾರೆ, ಸ್ಟೆಂಟ್ ಹಾಕಿದವರಿಗೂ ಹಾಕದವರಿಗೂ ವ್ಯತ್ಯಾಸವೇ ಬರಲಿಲ್ಲವಂತೆ. ನಮ್ಮ ಚಿಕ್ಕಪ್ಪ ಮತ್ತಿ ಚಕ್ಕೆ ಕಷಾಯ ಕುಡಿದು ಆರಾಮಾಗಿದ್ದಾರೆ. ಮೇಷ್ಟ್ರೇ, ಎಲ್ಲ ಮಾತ್ರೆ ಬಿಟ್ಟು ಒಂದು ತಿಂಗಳು ನೋಡಿ.

ವಾರ್ಡ್ ಸಿಸ್ಟರ್, ತುಮಕೂರು

ಕುದುರೆ ಅಣ್ಣ, ದಯವಿಟ್ಟು ಆ ಕೊನೆ ಸಾಲು ತೆಗೆಯಿರಿ. ಸ್ಟೆಂಟ್ ಹಾಕಿ ಮೂರು ತಿಂಗಳಿಗೆ ರಕ್ತ ತೆಳು ಮಾಡುವ ಮಾತ್ರೆ ಬಿಟ್ಟು, ಸ್ಟೆಂಟ್ ಒಳಗೇ ರಕ್ತ ಹೆಪ್ಪುಗಟ್ಟಿ ಬಂದವರನ್ನು ನಾನು ನೋಡಿದ್ದೇನೆ. ಎಲ್ಲರೂ ವಾಪಸ್ ಮನೆಗೆ ಹೋಗಲಿಲ್ಲ.

ಹಳ್ಳಿ ಡಾಕ್ಟರ್

ಹೆಚ್ಚಾಗಿ ಓದಿಕೊಂಡು ಸುಮ್ಮನಿರುವವನು ನಾನು. ಇಲ್ಲಿ ಮಾತ್ರ ಬರೆಯಲೇಬೇಕು. ನಾನು ಹೃದಯ ತಜ್ಞ ಅಲ್ಲ, ಸಾಮಾನ್ಯ ವೈದ್ಯ.

ಕುಣಿಗಲ್ಲಿನವರು ಹೇಳಿದ ಅಧ್ಯಯನ ನಿಜ. ಹೆಸರು ಆರ್ಬಿಟಾ, ಬಂದಿದ್ದು 2017ರಲ್ಲಿ. ಅದರಲ್ಲಿದ್ದವರು 200 ಜನ, ಎಲ್ಲರಿಗೂ ಒಂದೇ ರಕ್ತನಾಳದಲ್ಲಿ ಬ್ಲಾಕ್. ಅರ್ಧ ಜನಕ್ಕೆ ಸ್ಟೆಂಟ್, ಅರ್ಧ ಜನಕ್ಕೆ ತಂತಿ ಹಾಕಿ ನೋಡಿ ಸ್ಟೆಂಟ್ ಹಾಕದೇ ಬಿಟ್ಟದ್ದು. ಯಾರಿಗೆ ಏನು ಮಾಡಿದರು ಅಂತ ರೋಗಿಗೆ ಗೊತ್ತಿಲ್ಲ. ಆರು ವಾರ ಬಿಟ್ಟು ಟ್ರೆಡ್‌ಮಿಲ್ ಮೇಲೆ ಓಡಿಸಿದಾಗ ಎರಡು ಗುಂಪಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ. ಆದರೆ ಅವರೆಲ್ಲ ಆಗಲೇ ಒಳ್ಳೆ ಡೋಸಿನಲ್ಲಿ ಮಾತ್ರೆ ತಗೊಳ್ಳುತ್ತಿದ್ದವರು. ಅದೇ ತಂಡ 2023ರಲ್ಲಿ ಎರಡನೇ ಅಧ್ಯಯನ ತಂದಿತು, 301 ಜನ, ಈ ಸಲ ಎದೆನೋವಿನ ಮಾತ್ರೆಗಳನ್ನು ನಿಲ್ಲಿಸಿ ನೋಡಿದರು. ಆಗ ಸ್ಟೆಂಟ್ ಹಾಕಿಸಿಕೊಂಡವರಿಗೆ ಎದೆನೋವು ಸ್ಪಷ್ಟವಾಗಿ ಕಮ್ಮಿಯಾಯಿತು. ಎಲ್ಲರಿಗೂ ಪೂರ್ತಿ ಹೋಗಲಿಲ್ಲ, ಅದೂ ನಿಜ. ನಿಂತ ಮಾತ್ರೆಗಳು ಎದೆನೋವಿನವು ಮಾತ್ರ. ರಕ್ತ ತೆಳು ಮಾಡುವ ಮಾತ್ರೆ ನಡೆಯುತ್ತಲೇ ಇತ್ತು.

ಮುಖ್ಯ ವಿಷಯ ಇದು: ಎರಡೂ ಅಧ್ಯಯನ ಆಗಿದ್ದು ನಡೆದಾಗ ಎದೆ ಹಿಡಿಯುವವರ ಮೇಲೆ, ಕ್ಯಾತ್ಸಂದ್ರದವರ ಥರದವರ ಮೇಲೆ. ಹಾರ್ಟ್ ಅಟ್ಯಾಕ್ ಆಗುತ್ತಿರುವಾಗ ಹಾಕುವ ಸ್ಟೆಂಟಿಗೂ ಅದಕ್ಕೂ ಸಂಬಂಧ ಇಲ್ಲ. ಮೇಷ್ಟ್ರಿಗೆ ಹಾಕಿದ ಸ್ಟೆಂಟ್ ಇದ್ದಷ್ಟು ಹೃದಯವನ್ನು ಉಳಿಸಿದೆ. ಸುಸ್ತು ಹೋಗಿಸುವುದು ಅದರ ಕೆಲಸವೇ ಆಗಿರಲಿಲ್ಲ.

ವ್ಯಾಪಾರದ ಮಾತಿನಲ್ಲೂ ಸ್ವಲ್ಪ ನಿಜ ಇದೆ. ಅದಕ್ಕೇ 2017ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಬೆಲೆಗೆ ಮಿತಿ ಹಾಕಿತು. ಔಷಧಿ ಲೇಪಿಸಿದ ಸ್ಟೆಂಟಿಗೆ ಆಗ 29,600 ರೂಪಾಯಿ. ಅದಕ್ಕೆ ಮುಂಚೆ ಲಕ್ಷದ ಮೇಲೂ ಬಿಲ್ ಹಾಕುತ್ತಿದ್ದರು. ಕಷಾಯ ಕುಡಿಯುವವರು ಕುಡಿಯಲಿ, ಆದರೆ ಏನು ಕುಡಿಯುತ್ತಿದ್ದೀರಿ ಅಂತ ಡಾಕ್ಟರಿಗೆ ಹೇಳಿ. ಮಾತ್ರೆ ಬಿಟ್ಟು ಕುಡಿಯುವುದಂತೂ ಬೇಡವೇ ಬೇಡ.

ಟಿಕಾಗ್ರೆಲೋರ್ ಬಗ್ಗೆ ಸಿಸ್ಟರ್ ಹೇಳಿದ್ದು ಸರಿ. 2009ರಲ್ಲಿ ಬಂದ ದೊಡ್ಡ ಅಧ್ಯಯನದಲ್ಲೇ ಇದು ಗೊತ್ತಾಗಿತ್ತು. ಆ ಮಾತ್ರೆ ತಗೊಂಡ ನೂರು ಜನರಲ್ಲಿ ಸುಮಾರು 14 ಜನ ಉಸಿರಿನ ತೊಂದರೆ ಹೇಳಿದರು, ಕ್ಲೊಪಿಡೋಗ್ರೆಲ್ ತಗೊಂಡವರಲ್ಲಿ ಸುಮಾರು 8. ಶ್ವಾಸಕೋಶಕ್ಕೆ ಹಾನಿ ಇಲ್ಲ. ಕೆಲವರಿಗೆ ತಾನಾಗೇ ಹೋಗುತ್ತೆ, ಕೆಲವರಿಗೆ ಮಾತ್ರೆ ಬದಲಿಸಬೇಕು. ಬದಲಿಸುವುದಕ್ಕೂ ಒಂದು ಕ್ರಮ ಇದೆ. ಹೊಸ ಮಾತ್ರೆಯ ಮೊದಲ ಡೋಸ್ ಎಷ್ಟು, ಯಾವಾಗ ಅಂತ ಹೃದಯದ ಡಾಕ್ಟರೇ ತೀರ್ಮಾನಿಸಬೇಕು.

ಇದನ್ನೂ ಸೇರಿಸುತ್ತೇನೆ. ಉಸಿರಿನ ತೊಂದರೆ ಮಲಗಿದಾಗ ಜಾಸ್ತಿಯಾಗಿ ಎರಡು ದಿಂಬು ಬೇಕು ಅನಿಸಿದರೆ, ಕಾಲು ಊದಿದರೆ, ಎರಡು ಮೂರು ದಿನದಲ್ಲಿ ತೂಕ ಎರಡು ಕೆಜಿ ಏರಿದರೆ ಅದನ್ನು ಮಾತ್ರೆಯ ಲೆಕ್ಕಕ್ಕೆ ಹಾಕಬೇಡಿ. ಹೃದಯ ಸೋಲುತ್ತಿರುವ ಗುರುತು ಅದು. ಕೂಡಲೇ ತೋರಿಸಬೇಕು.

ಕುಣಿಗಲ್ ಕುದುರೆ

ಸರಿ ಡಾಕ್ಟ್ರೇ, ಅಟ್ಯಾಕ್ ಬೇರೆ ಇದು ಬೇರೆ ಅಂತ ಗೊತ್ತಿರಲಿಲ್ಲ. ಕೊನೆ ಸಾಲು ತೆಗೆಯೋಕೆ ಆಗ್ತಿಲ್ಲ, ಅದನ್ನು ಯಾರೂ ಲೆಕ್ಕಕ್ಕೆ ತಗೋಬೇಡಿ. ವ್ಯಾಪಾರದ ಮಾತು ಮಾತ್ರ ವಾಪಸ್ ತಗೊಳ್ಳಲ್ಲ.

ಮಧುಗಿರಿ ಮಗಳು

ನನ್ನದು ಅಪ್ಪನ ವಿಷಯ. 61 ವರ್ಷ, ಸ್ಟೆಂಟ್ ಆಗಿ ಐದು ತಿಂಗಳು. ರಿಪೋರ್ಟ್ ಎಲ್ಲ ಚೆನ್ನಾಗಿದೆ, ಪಂಪಿಂಗ್ 58. ಆದರೆ ಎದ್ದೇಳುವುದೇ ಇಲ್ಲ. ಯಾವಾಗಲೂ ಸುಸ್ತು ಅಂತಾರೆ. ಬೆಳಗ್ಗೆ ಪೇಪರ್ ಓದುತ್ತಿದ್ದವರು ಈಗ ಮಡಚಿದ ಪೇಪರ್ ಮಡಚಿದ ಹಾಗೇ ಇಡುತ್ತಾರೆ. ಊಟಕ್ಕೆ ಕರೆದರೆ ಸಿಡುಕು. ಮೊನ್ನೆ ಟೀವಿಯಲ್ಲಿ ಯಾವುದೋ ಧಾರಾವಾಹಿ ನೋಡುತ್ತಾ ಕಣ್ಣೀರು ಹಾಕಿಕೊಂಡರು, ನಮ್ಮಪ್ಪ ಅಳುವುದನ್ನು ನಾನು ನೋಡೇ ಇರಲಿಲ್ಲ. ಬಿಂದಿಗೆ ಎತ್ತಲ್ಲ, ಬಗ್ಗಲ್ಲ, ಸ್ಟೆಂಟ್ ಜಾರಿಬಿಡುತ್ತೆ ಅಂತ ಭಯ. ನಿಜವಾಗಲೂ ಜಾರುತ್ತಾ?

ಹಳ್ಳಿ ಡಾಕ್ಟರ್

ಜಾರಲ್ಲಮ್ಮ. ಕೂರಿಸುವಾಗಲೇ ಅದನ್ನು ಗೋಡೆಗೆ ಒತ್ತಿ ಅಗಲಿಸಿರುತ್ತಾರೆ. ಬರುವ ವಾರ, ತಿಂಗಳುಗಳಲ್ಲಿ ರಕ್ತನಾಳದ ಒಳಪದರ ಅದರ ಮೇಲೆ ಬೆಳೆದು ಮುಚ್ಚಿಕೊಳ್ಳುತ್ತೆ. ಬಗ್ಗಿದರೂ ಕೆಮ್ಮಿದರೂ ಬಿಂದಿಗೆ ಎತ್ತಿದರೂ ಅಲ್ಲೇ ಇರುತ್ತೆ. ತುಕ್ಕು ಹಿಡಿಯಲ್ಲ, ಎಂಆರ್‌ಐ ಕೂಡ ಮಾಡಿಸಬಹುದು. ಮೊದಲ ಕೆಲವು ದಿನ ಭಾರ ಎತ್ತಬೇಡಿ ಅನ್ನುವುದು ಮಣಿಕಟ್ಟಿನ ಅಥವಾ ತೊಡೆಯ ಗಾಯಕ್ಕಾಗಿ, ಸ್ಟೆಂಟಿಗಾಗಿ ಅಲ್ಲ.

ಅಪ್ಪನ ಸುಸ್ತು ನೀವು ಹೇಳಿದ ರೀತಿ ನೋಡಿದರೆ ಹೃದಯದ್ದಲ್ಲ, ಮನಸ್ಸಿನದು ಅನಿಸುತ್ತೆ. ಅಟ್ಯಾಕ್ ಆದ ಐದು ಜನರಲ್ಲಿ ಸುಮಾರು ಒಬ್ಬರಿಗೆ ಖಿನ್ನತೆ ಬರುತ್ತೆ. ನಿದ್ದೆ ಹೇಗಿದೆ, ಮುಂಜಾನೆ ಬೇಗ ಎಚ್ಚರವಾಗುತ್ತಾ, ಊಟ ಸೇರುತ್ತಾ ಅಂತ ಗಮನಿಸಿ. ಜೊತೆಗೆ ಥೈರಾಯ್ಡ್, ಹಿಮೋಗ್ಲೋಬಿನ್, ಶುಗರ್ ಒಂದು ಸಲ ನೋಡಿಸಿ. ಅವೆಲ್ಲ ಸರಿ ಇದ್ದರೆ ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರು ಇರುತ್ತಾರೆ. ಟೆಲಿ ಮಾನಸ್ ಅಂತ 14416 ನಂಬರ್ ಇದೆ, ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ. ಖಿನ್ನತೆಗೆ ಕೊಡುವ ಎಲ್ಲ ಮಾತ್ರೆ ಹೃದಯದ ಮಾತ್ರೆ ಜೊತೆ ಹೊಂದಲ್ಲ, ಅದಕ್ಕೆ ಸ್ಟೆಂಟ್ ಚೀಟಿಯನ್ನೂ ತಪ್ಪದೆ ತೋರಿಸಿ.

ಪಾವಗಡ ಅಜ್ಜ

ಮಗಳೇ, ನನಗೆ 72. ಎರಡು ಸ್ಟೆಂಟ್ ಇವೆ. ನಿಮ್ಮಪ್ಪ ಬಾಯಿಬಿಟ್ಟು ಹೇಳದೇ ಇರುವುದನ್ನು ನಾನು ಹೇಳುತ್ತೇನೆ ಕೇಳು.

ರಾತ್ರಿ ಮಲಗಿದರೆ ಎದೆ ಬಡಿತ ಕಿವಿಗೇ ಕೇಳುತ್ತೆ. ದಿಂಬಿಗೆ ಕಿವಿ ಒತ್ತಿದರೆ ಇನ್ನೂ ಜೋರು. ಒಂದು ಬಡಿತ ತಪ್ಪಿದ ಹಾಗಾದರೆ ಸಾಕು, ಮೈ ಬೆವರುತ್ತೆ. ಬೆವರಿದ್ದು ನೋಡಿ ಇದು ಅಟ್ಯಾಕೇ ಅನಿಸುತ್ತೆ. ಹೆಂಡತಿಯನ್ನು ಎಬ್ಬಿಸಬೇಕೋ ಬೇಡವೋ ಅನ್ನುವುದರಲ್ಲೇ ಬೆಳಗಾಗುತ್ತೆ. ಹಗಲೆಲ್ಲ ಸುಸ್ತಾಗದೇ ಇನ್ನೇನು? ನಾನು ಗಡಿಯಾರ ಹಿಡಿದು ನಾಡಿ ಎಣಿಸುತ್ತಾ ಕೂರುತ್ತಿದ್ದೆ. ಕೊನೆಗೆ ಮೊಮ್ಮಗ ಆ ಗಡಿಯಾರ ಬಚ್ಚಿಟ್ಟ.

ನಮ್ಮ ಕಡೆ ಗಂಡಸರು ಭಯ ಅಂತ ಹೇಳಲ್ಲ, ಸುಸ್ತು ಅಂತಾರೆ. ಅಪ್ಪನಿಗೆ ಒಳ್ಳೆ ಮಾತಿನ ಉಪದೇಶ ಬೇಡ. ಜೊತೆಗೆ ನಡಿ. ನನ್ನ ಜೊತೆ ಪಕ್ಕದ ಮನೆ ರಾಮಣ್ಣ ಬರುತ್ತಿದ್ದ, ಅವನಿಗೆ ಹೃದಯದ ಗಂಧಗಾಳಿ ಇಲ್ಲ, ಬರೀ ಕಡಲೆಕಾಯಿ ರೇಟು, ಮಳೆ. ಅದೇ ಬೇಕಾಗಿತ್ತು.

ಮಧುಗಿರಿ ಮಗಳು

ಅಜ್ಜ, ಇದನ್ನು ಅಪ್ಪನಿಗೆ ಓದಿ ಹೇಳಿದೆ. ಏನೂ ಮಾತಾಡಲಿಲ್ಲ. "ಆ ಪಾವಗಡದವರು ಯಾರು" ಅಂತ ಮಾತ್ರ ಎರಡು ಸಲ ಕೇಳಿದರು.

ತಟ್ಟೆಇಡ್ಲಿ, ಕ್ಯಾತ್ಸಂದ್ರ

ನಡಿಗೆ ಎಷ್ಟು ಮಾಡಬೇಕು ಅಂತ ಯಾರಾದರೂ ಸರಿಯಾಗಿ ಹೇಳಿ. ನಾನು ಅಮಾನಿಕೆರೆ ಹತ್ತಿರ ಬೆಳಗ್ಗೆ ಹೋಗುತ್ತೇನೆ. ಅಲ್ಲಿ ಒಬ್ಬರು ಸ್ಟೆಂಟ್ ಆದ ತಿಂಗಳಿಗೇ ಓಡುತ್ತಿದ್ದಾರೆ.

ವಾರ್ಡ್ ಸಿಸ್ಟರ್, ತುಮಕೂರು

ಓಡುವವರನ್ನು ನೋಡಬೇಡಿ. ಮನೆಗೆ ಬಂದ ಮೇಲೆ ಸಮತಟ್ಟು ಜಾಗದಲ್ಲಿ ಐದು ಹತ್ತು ನಿಮಿಷ, ದಿನಕ್ಕೆ ಎರಡು ಸಲ. ಕೆಲವು ದಿನಕ್ಕೊಮ್ಮೆ ಸ್ವಲ್ಪ ಸ್ವಲ್ಪ ಏರಿಸಿ. ವಾರದಲ್ಲಿ ಐದು ದಿನ, ಅರ್ಧ ಗಂಟೆ ಬಿರುಸು ನಡಿಗೆಗೆ ಬಂದರೆ ಸಾಕು. ಬಿರುಸು ಅಂದರೆ ಪಕ್ಕದವರ ಜೊತೆ ಮಾತಾಡಲು ಆಗಬೇಕು, ಹಾಡು ಹೇಳಲು ಆಗಬಾರದು. ಬಡಿತ ನೋಡಿ ವೇಗ ಅಳೆಯುತ್ತೇನೆ ಅಂದರೆ ಮೆಟೊಪ್ರೊಲಾಲ್ ತಗೊಳ್ಳುವವರಿಗೆ ಲೆಕ್ಕ ತಪ್ಪುತ್ತೆ, ಆ ಮಾತ್ರೆ ಬಡಿತವನ್ನು ಏರಲು ಬಿಡಲ್ಲ. ಮಾತಿನ ಲೆಕ್ಕವೇ ಒಳ್ಳೆಯದು.

ಊಟ ಆದ ಕೂಡಲೇ ನಡಿಗೆ ಬೇಡ. ಮೇಷ್ಟ್ರ ಮೂರು ಗಂಟೆ ಸುಸ್ತಿಗೆ ಮಧ್ಯಾಹ್ನದ ಊಟವೂ ಕಾರಣ ಇರಬಹುದು. ಎರಡು ದೊಡ್ಡ ಮುದ್ದೆ, ಮೇಲೆ ಅನ್ನ, ಹೃದಯ ಆಗ ಹೊಟ್ಟೆಗೂ ರಕ್ತ ಕಳಿಸಬೇಕು. ಮುದ್ದೆ ಬಿಡಿ ಅಂತ ನಾನು ಹೇಳಲ್ಲ, ನಾನೂ ಮುದ್ದೆ ತಿನ್ನುವವಳೇ. ಒಂದಕ್ಕಿಳಿಸಿ, ಅನ್ನ ಕಮ್ಮಿ ಮಾಡಿ, ಬಸ್ಸಾರಿನ ಸೊಪ್ಪು ಕಾಳು ಜಾಸ್ತಿ ಹಾಕಿಕೊಳ್ಳಿ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ದೂರ ಇಡಿ.

ಯಾವುದಕ್ಕೆ ಕಾಯಬಾರದು ಅನ್ನುವುದನ್ನೂ ಇಲ್ಲೇ ಬರೆದುಬಿಡುತ್ತೇನೆ. ಎದೆ ಮಧ್ಯೆ ಹಿಂಡಿದ ಹಾಗೆ, ಕಲ್ಲಿಟ್ಟ ಹಾಗೆ ನೋವು, ಅದು ದವಡೆಗೋ ಎಡಗೈಗೋ ಬೆನ್ನಿಗೋ ಹೋದರೆ, ತಣ್ಣನೆ ಬೆವರು ಬಂದರೆ ಕೂತುಬಿಡಿ. ಸಾರ್ಬಿಟ್ರೇಟ್ ಬರೆದುಕೊಟ್ಟಿದ್ದರೆ ನಾಲಿಗೆ ಕೆಳಗೆ ಇಡಿ. ಐದು ನಿಮಿಷದಲ್ಲಿ ಹೋಗಲಿಲ್ಲ ಅಂದರೆ 108. ಬೈಕಿನಲ್ಲಿ ಹಿಂದೆ ಕೂರಿಸಿಕೊಂಡು ತುಮಕೂರಿಗೆ ಬರಬೇಡಿ. ಹತ್ತಿರದ ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆಯುತ್ತಾರೆ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ಆ ಇಸಿಜಿಯನ್ನು ದೊಡ್ಡ ಆಸ್ಪತ್ರೆಯ ತಜ್ಞರು ನೋಡುತ್ತಾರೆ. ಬೇಕಿದ್ದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಅಲ್ಲೇ ಉಚಿತವಾಗಿ ಕೊಡುತ್ತಾರೆ. ಗಂಡಸರು ಶಕ್ತಿ ಮಾತ್ರೆ ಅಂತ ಸಿಲ್ಡೆನಾಫಿಲ್ ನುಂಗಿದ್ದರೆ ಸಾರ್ಬಿಟ್ರೇಟ್ ಇಡಲೇಬಾರದು, ಬಿಪಿ ಪಾತಾಳಕ್ಕೆ ಇಳಿಯುತ್ತೆ. ನಾಚಿಕೆ ಬಿಟ್ಟು ಡಾಕ್ಟರಿಗೆ ಹೇಳಿ.

ಇನ್ನೊಂದು ರೀತಿ ಇದೆ, ಅಷ್ಟು ಜೋರಲ್ಲದ್ದು. ಸ್ಟೆಂಟ್ ಆದ ಮೇಲೆ ಚೆನ್ನಾಗಿದ್ದು, ಮೂರು ತಿಂಗಳಿಂದ ವರ್ಷದೊಳಗೆ ಹಳೇ ನೋವು ಹಳೇ ದಾರಿಯಲ್ಲೇ ಮತ್ತೆ ಶುರುವಾದರೆ, ಸ್ಟೆಂಟ್ ಒಳಗೆ ಮಾಂಸ ಬೆಳೆದು ಮತ್ತೆ ಕಿರಿದಾಗುತ್ತಿರಬಹುದು. ಇಡ್ಲಿ ಅಣ್ಣ, ನಿಮ್ಮ ಥರದವರು ಇದನ್ನು ನೆನಪಿಡಬೇಕು. ಬಸ್ ಸ್ಟಾಪಿನ ದಾರಿಯಲ್ಲಿ ಮತ್ತೆ ನಿಲ್ಲುವ ಹಾಗಾದರೆ ಚೆಕಪ್ ದಿನಕ್ಕೆ ಕಾಯಬೇಡಿ.

ಗುಬ್ಬಿ ಮೇಷ್ಟ್ರು

ಹೋಗಿ ತೋರಿಸಿಕೊಂಡು ಬಂದೆ. ತೋಟದಮನೆಯವರ ಹಾಗೆ ನಾನೂ ಬರೆದುಕೊಂಡು ಹೋಗಿದ್ದೆ, ಗ್ರಾಫ್ ಹಾಳೆಯ ಮೇಲೆ. ಡಾಕ್ಟರ್ ನೋಡಿ ನಕ್ಕರು, ಆದರೆ ಪೂರ್ತಿ ನೋಡಿದರು.

ಇಸಿಜಿ ಸರಿ ಇದೆ. ಎಕೋದಲ್ಲಿ ಪಂಪಿಂಗ್ 50ಕ್ಕೆ ಬಂದಿದೆ. ಟಿಕಾಗ್ರೆಲೋರ್ ಬದಲು ಕ್ಲೊಪಿಡೋಗ್ರೆಲ್ ಮಾಡಿದರು. ಅಟ್ಯಾಕ್ ಆದವರಿಗೆ ಸಾಮಾನ್ಯವಾಗಿ ಒಂದು ವರ್ಷ ಎಕೋಸ್ಪ್ರಿನ್, ಜೊತೆಗೆ ಇದು, ಎರಡೂ ಮಾತ್ರೆ ಬೇಕು, ಯಾರು ಏನೇ ಹೇಳಿದರೂ ನಿಲ್ಲಿಸಬೇಡಿ ಅಂತ ಎರಡು ಸಲ ಹೇಳಿದರು. ಕೂತಾಗ ಉಸಿರು ಎಳೆಯುವುದು ಒಂದು ವಾರದಲ್ಲಿ ನಿಂತೇಹೋಯಿತು. ಮೆಟೊಪ್ರೊಲಾಲ್ ಅರ್ಧ ಮಾಡಿದರು. ಹಿಮೋಗ್ಲೋಬಿನ್ 10.4 ಬಂತು. ಶಿರಾದವರೇ, ನಿಮ್ಮ ಮಾತು ನೆನಪಾಗಿ ನಾನೇ ಕೇಳಿ ಮಾಡಿಸಿದ್ದು. ಹೊಟ್ಟೆಯಲ್ಲಿ ಸೋರುತ್ತಿದೆಯಾ ಅಂತ ಮಲ ಪರೀಕ್ಷೆಗೂ ಬರೆದಿದ್ದಾರೆ, ರಿಪೋರ್ಟ್ ಇನ್ನೂ ಬರಬೇಕು. ಕಬ್ಬಿಣದ ಮಾತ್ರೆ ಶುರುವಾಗಿದೆ.

ಮೂರು ಗಂಟೆ ಸುಸ್ತು ಪೂರ್ತಿ ಹೋಗಿಲ್ಲ. ಹೆಡ್‌ಮಾಸ್ಟರನ್ನು ಕೇಳಿ ಗಣಿತದ ಪೀರಿಯಡ್ ಬೆಳಗ್ಗೆಗೆ ಹಾಕಿಸಿಕೊಂಡೆ. ಮಧ್ಯಾಹ್ನ ಮಕ್ಕಳಿಗೆ ಲೆಕ್ಕ ಕೊಟ್ಟು ಕುರ್ಚಿಯಲ್ಲೇ ಕೂತು ನೋಡುತ್ತೇನೆ. ಚುಚ್ಚುವ ನೋವು ಆಗೊಮ್ಮೆ ಈಗೊಮ್ಮೆ ಇದೆ. ಪಕ್ಕೆಲುಬಿನದು, ಅದಕ್ಕೇನೂ ಮಾಡುವುದು ಬೇಡ ಅಂದರು.

ಔಷಧಿ ಅಂಗಡಿಯವ, ಶಿರಾ

ಒಳ್ಳೆಯದಾಯ್ತು ಮೇಷ್ಟ್ರೇ. ಕಬ್ಬಿಣದ ಮಾತ್ರೆ ತಗೊಂಡರೂ ಮಲ ಕಪ್ಪಾಗುತ್ತೆ, ಅದಕ್ಕೆ ಹೆದರಬೇಡಿ. ಅಂಟಂಟಾಗಿ, ಡಾಂಬರಿನ ಹಾಗೆ, ಕೆಟ್ಟ ವಾಸನೆ ಬಂದರೆ ಮಾತ್ರ ಬೇರೆ ವಿಷಯ. ಕಾಫಿ ಟೀ ಜೊತೆ ನುಂಗಬೇಡಿ, ಕಬ್ಬಿಣ ಹಿಡಿಯಲ್ಲ.

ಮಧುಗಿರಿ ಮಗಳು

ಇನ್ನೊಂದು ಪ್ರಶ್ನೆ ಕೇಳಿಬಿಡುತ್ತೇನೆ. ಅಪ್ಪನಿಗೆ ದವಡೆ ಹಲ್ಲು ನೋವು. ಇಲ್ಲಿ ಒಬ್ಬರು ಹಲ್ಲಿನ ಡಾಕ್ಟರ್ "ರಕ್ತ ತೆಳು ಮಾಡುವ ಮಾತ್ರೆ ಐದು ದಿನ ನಿಲ್ಲಿಸಿ ಬನ್ನಿ, ಕೀಳುತ್ತೇನೆ" ಅಂದಿದ್ದಾರೆ. ನಿಲ್ಲಿಸಬಹುದಾ?

ವಾರ್ಡ್ ಸಿಸ್ಟರ್, ತುಮಕೂರು

ಬೇಡ. ಐದು ತಿಂಗಳಷ್ಟೇ ಆಗಿದೆ. ಮೊದಲು ಸ್ಟೆಂಟ್ ಹಾಕಿದ ಡಾಕ್ಟರಿಗೆ ಫೋನ್ ಮಾಡಿ, ಹಲ್ಲಿನ ಡಾಕ್ಟರಿಗೂ ಅವರ ಜೊತೆ ಮಾತಾಡಲು ಹೇಳಿ. ಒಂದು ಹಲ್ಲು ಕೀಳುವುದನ್ನು ಸಾಮಾನ್ಯವಾಗಿ ಮಾತ್ರೆ ನಡೆಯುತ್ತಿರುವಾಗಲೇ ಮಾಡುತ್ತಾರೆ. ರಕ್ತ ಸ್ವಲ್ಪ ಹೆಚ್ಚು ಹೊತ್ತು ಬರುತ್ತೆ, ಹತ್ತಿ ಕಚ್ಚಿ ಹಿಡಿದರೆ, ಬೇಕಿದ್ದರೆ ಒಂದು ಹೊಲಿಗೆ ಹಾಕಿದರೆ ನಿಲ್ಲುತ್ತೆ. ನೋವಿಗೆ ಸದ್ಯಕ್ಕೆ ಪ್ಯಾರಾಸಿಟಮಾಲ್ ಕೊಡಿ, ಬೇರೆ ಪೇನ್ ಕಿಲ್ಲರ್ ಬೇಡ.

ಮಧುಗಿರಿ ಮಗಳು

ಆಯ್ತು ಅಕ್ಕ, ನಾಳೆ ಬೆಳಗ್ಗೆಯೇ ಫೋನ್ ಮಾಡುತ್ತೇನೆ. ಅಜ್ಜ, ಅಪ್ಪ ನಿಮ್ಮ ಜೊತೆ ಮಾತಾಡಬೇಕಂತೆ. ಹೃದಯದ ವಿಷಯ ಅಲ್ಲ, ಈ ಸಲ ಪಾವಗಡದ ಕಡೆ ಕಡಲೆಕಾಯಿ ಹೇಗಿದೆ ಅಂತ ಕೇಳಬೇಕಂತೆ.

ಪಾವಗಡ ಅಜ್ಜ

ಮಳೆ ಕೈಕೊಟ್ಟಿದೆ ಅಂತ ಹೇಳು. ಸಾಯಂಕಾಲ ನಡೆಯೋಕೆ ಹೊರಟಾಗ ಫೋನ್ ಮಾಡಲಿ, ನಾನೂ ಆಗ ನಡೆಯುತ್ತಾ ಇರುತ್ತೇನೆ.